ಆಳದ ಬಿರುಕು ಹೇಗೆ ಬೆಳೆಯುತ್ತದೆ? ಸೂಕ್ಷ್ಮಕಂಪನಗಳು ಹೇಳುವುದು, ಹೇಳದಿರುವುದು

ನೆಲದಿಂದ ಎರಡು ಮೂರು ಕಿಲೋಮೀಟರ್ ಆಳದಲ್ಲಿ, ಕೆಲವೇ ಮಿಲಿಮೀಟರ್ ಬಾಯಿ ತೆರೆದ ಬಿರುಕೊಂದು ನಿಮಿಷಕ್ಕೆ ಕೆಲವು ಮೀಟರ್ ವೇಗದಲ್ಲಿ ಬೆಳೆಯುತ್ತಿದೆ. ಶಿಲೆಯೊಳಗಿನ ಅನಿಲಕ್ಕೆ ದಾರಿ ಮಾಡಲು, ಬಾವಿಯ ಮೂಲಕ ದ್ರವ ತಳ್ಳಿ ಅದನ್ನು ಬೆಳೆಸುತ್ತಿರುವ ಎಂಜಿನಿಯರ್‌ಗೆ ನೇರವಾಗಿ ಗೊತ್ತಿರುವುದು ಎರಡೇ ಸಂಗತಿ: ಬಾವಿಯೊಳಕ್ಕೆ ಎಷ್ಟು ದ್ರವ ಹೋಗುತ್ತಿದೆ, ಎಷ್ಟು ಒತ್ತಡದಲ್ಲಿ ಹೋಗುತ್ತಿದೆ. ಬಿರುಕು ಯಾವ ದಿಕ್ಕಿಗೆ ಹೊರಟಿದೆ, ಅನಿಲವಿರುವ ಪದರದಲ್ಲೇ ಉಳಿದಿದೆಯೋ ಮೇಲಿನ ಪದರಕ್ಕೆ ಏರಿಬಿಟ್ಟಿದೆಯೋ, ಒಂದಾಗಿದೆಯೋ ಹತ್ತಾಗಿ ಕವಲೊಡೆದಿದೆಯೋ ಎಂಬ ಪ್ರಶ್ನೆಗಳಿಗೆ ಒತ್ತಡದ ಗೆರೆಯಲ್ಲಿ ಸುಳಿವಿದೆಯೇ ಹೊರತು ಉತ್ತರವಿಲ್ಲ. ಆ ಉತ್ತರಕ್ಕಾಗಿ ಎಂಜಿನಿಯರ್‌ಗಳು ಶಿಲೆಗೆ ಕಿವಿಗೊಡುತ್ತಾರೆ. ಅದುಮಿದಾಗ, ಸೀಳಿದಾಗ, ಜಾರಿದಾಗ ಶಿಲೆ ಸದ್ದು ಮಾಡುತ್ತದೆ. ಮನುಷ್ಯರ ಕಿವಿಗೂ ಕಾಲಿಗೂ ತಾಗದಷ್ಟು ಸಣ್ಣ ಈ ಅದುರುವಿಕೆಗಳನ್ನು ಹಿಡಿದು, ಅವು ಹುಟ್ಟಿದ ಜಾಗವನ್ನು ಗುರುತಿಸುವ ಕೆಲಸಕ್ಕೆ ಸೂಕ್ಷ್ಮಕಂಪನ ನಿಗಾ ಎಂದು ಹೆಸರು.

ಈ ತಂತ್ರದ ಫಲಿತಾಂಶ ಸಾಮಾನ್ಯವಾಗಿ ಒಂದು ಚಿತ್ರವಾಗಿ ನಮ್ಮ ಮುಂದೆ ಬರುತ್ತದೆ. ಬಾವಿಯ ಕೊಳವೆ, ಅದರ ಸುತ್ತ ಬಣ್ಣಬಣ್ಣದ ಚುಕ್ಕೆಗಳ ಮೋಡ. ನೋಡಿದ ಕೂಡಲೇ ‘ಇದೇ ಬಿರುಕು’ ಎನ್ನಿಸುತ್ತದೆ. ಹಾಗೆ ಓದಿದವರು ಹಲವು ಬಾರಿ ದಾರಿ ತಪ್ಪಿದ್ದಾರೆ. ಆ ಮೋಡ ಬಿರುಕಿನ ಭಾವಚಿತ್ರವಲ್ಲ. ಬಿರುಕು ಬೆಳೆಯುವಾಗ ಅಕ್ಕಪಕ್ಕದ ಶಿಲೆ ಕೊಟ್ಟ ಸಾಕ್ಷ್ಯ. ಸಾಕ್ಷಿ ಎಲ್ಲಿ ನಿಂತಿದ್ದ, ಎಷ್ಟನ್ನು ಕಂಡ, ಯಾವುದನ್ನು ಕಾಣುವುದು ಸಾಧ್ಯವೇ ಇರಲಿಲ್ಲ ಎಂದು ವಿಚಾರಿಸಿದ ಮೇಲೆಯೇ ಅದಕ್ಕೆ ಬೆಲೆ.

ಬಿರುಕು ದಿಕ್ಕನ್ನು ಆರಿಸಿಕೊಳ್ಳುವ ಬಗೆ

ಹೀಗೆ ದ್ರವದ ಒತ್ತಡದಿಂದ ಶಿಲೆಯನ್ನು ಸೀಳುವ ಕೆಲಸಕ್ಕೆ ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್ ಎಂದು ಹೆಸರು. ಅದರ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಅಮೆರಿಕದ ಕನ್ಸಾಸ್ ರಾಜ್ಯದ ಹ್ಯೂಗಟನ್ ಅನಿಲ ಕ್ಷೇತ್ರದಲ್ಲಿ. ಎರಡು ವರ್ಷಗಳಲ್ಲಿ ಅದು ವಾಣಿಜ್ಯ ಬಳಕೆಗೂ ಬಂತು. ಆಗ ಹಲವರ ಊಹೆಯಲ್ಲಿ ಬಿರುಕುಗಳು ಶಿಲಾಪದರಗಳ ನಡುವೆ ಅಡ್ಡಡ್ಡವಾಗಿ ಹರಡುತ್ತಿದ್ದವು. 1957ರಲ್ಲಿ ಸಂಶೋಧಕರಾದ ಕಿಂಗ್ ಹಬ್ಬರ್ಟ್ ಮತ್ತು ಡೇವಿಡ್ ವಿಲ್ಲಿಸ್ ಈ ಊಹೆಯನ್ನು ಅಲುಗಾಡಿಸಿದರು. ಅವರ ವಾದ ಸರಳ. ಆಳದಲ್ಲಿರುವ ಶಿಲೆಯ ಪ್ರತಿ ತುಣುಕನ್ನೂ ಸುತ್ತಲಿನ ಭೂಮಿ ಎಲ್ಲ ಕಡೆಯಿಂದ ಅದುಮುತ್ತಿರುತ್ತದೆ, ಆದರೆ ಎಲ್ಲ ದಿಕ್ಕಿನಿಂದಲೂ ಒಂದೇ ಬಲದಿಂದಲ್ಲ. ಬಿರುಕು ಬಾಯಿ ತೆರೆಯಬೇಕಾದರೆ ಶಿಲೆಯನ್ನು ಎರಡೂ ಬದಿಗೆ ತಳ್ಳಬೇಕು. ಎಲ್ಲಿ ಪ್ರತಿರೋಧ ಕನಿಷ್ಠವೋ ಆ ದಿಕ್ಕಿನಲ್ಲಿ ಅದು ಬಾಯಿ ತೆರೆಯುತ್ತದೆ. ಎಂದರೆ ಬಿರುಕಿನ ಹಾಳೆ ಕನಿಷ್ಠ ಅದುಮುಬಲಕ್ಕೆ ಲಂಬವಾಗಿ ನಿಲ್ಲುತ್ತದೆ.

ಎರಡೂವರೆ ಕಿಲೋಮೀಟರ್ ಆಳದಲ್ಲಿ ಮೇಲಿನ ಶಿಲೆಯ ಭಾರದ ಒತ್ತಡವೇ ಸುಮಾರು 60 ಮೆಗಾಪಾಸ್ಕಲ್. ಅಷ್ಟು ಆಳದಲ್ಲಿ ಕನಿಷ್ಠ ಬಲ ಸಾಮಾನ್ಯವಾಗಿ ಅಡ್ಡಲಾಗಿ ಇರುತ್ತದೆ, ಹಾಗಾಗಿ ಬಿರುಕು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಶೇಲ್ ಎಂಬ ಪದರಪದರವಾದ ಜೇಡಿಶಿಲೆಯಲ್ಲಿ ಕೊರೆಯುವ ಬಾವಿಗಳ, ಆಳದಲ್ಲಿ ಅಡ್ಡಲಾಗಿ ಸಾಗುವ ಭಾಗವನ್ನು ಬಹುಮಟ್ಟಿಗೆ ಈ ಕನಿಷ್ಠ ಬಲದ ದಿಕ್ಕಿನಲ್ಲೇ ಕೊರೆಯುತ್ತಾರೆ. ಆಗ ಬಿರುಕುಗಳು ಬಾವಿಯನ್ನು ಅಡ್ಡಹಾಯ್ದು ಒಂದರ ಪಕ್ಕ ಒಂದು ಸಾಲಾಗಿ ಏಳುತ್ತವೆ.

ಇಷ್ಟು ಗೊತ್ತಿದ್ದರೆ ಮುಂದಿನದ್ದನ್ನು ಗಣಿತ ಹೇಳಬಾರದೇ? 1950ರ ದಶಕದಿಂದಲೇ ಸೂತ್ರಗಳು ಬಂದಿವೆ. ಅವುಗಳ ತೊಂದರೆ ಏನೆಂದರೆ, ಅವೆಲ್ಲ ಶಿಲೆಯನ್ನು ಕಲೆಯಿಲ್ಲದ, ಮಡಿಕೆಯಿಲ್ಲದ ವಸ್ತುವೆಂದು ಭಾವಿಸಿ ಹೊರಡುತ್ತವೆ. ನಿಜವಾದ ಶಿಲೆಯಲ್ಲಿ ಕೋಟ್ಯಂತರ ವರ್ಷಗಳ ಹಳೆಯ ಸೀಳುಗಳಿವೆ, ಗಟ್ಟಿ ಪದರ ಮೆದು ಪದರಗಳಿವೆ, ಖನಿಜ ತುಂಬಿ ಮುಚ್ಚಿಕೊಂಡ ಗೆರೆಗಳಿವೆ. ಹೊಸ ಬಿರುಕು ಇವನ್ನು ಎದುರಿಸಿದಾಗ ದಾಟಬಹುದು, ನಿಲ್ಲಬಹುದು, ಅವುಗಳೊಳಗೇ ತಿರುಗಬಹುದು. ಸೂತ್ರ ಕೊಡುವ ಉದ್ದಕ್ಕೂ ನೆಲದೊಳಗಿನ ಉದ್ದಕ್ಕೂ ಎರಡು ಪಟ್ಟು ವ್ಯತ್ಯಾಸ ಬಂದರೆ ಈ ಕ್ಷೇತ್ರದಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ.

ಸದ್ದು ಮಾಡುವುದು ಯಾರು?

ಬಿರುಕಿನ ತುದಿ ಶಿಲೆಯನ್ನು ಸೀಳುತ್ತಾ ಮುಂದೆ ಹೋಗುತ್ತದೆ, ಆ ಸೀಳುವಿಕೆಯೇ ಸದ್ದು ಎಂದು ಸಹಜವಾಗಿ ಅನ್ನಿಸುತ್ತದೆ. ಆದರೆ ದಾಖಲಾಗುವ ಕಂಪನಗಳಲ್ಲಿ ಹೆಚ್ಚಿನವು ಬಿರುಕು ಬಾಯಿ ತೆರೆದದ್ದರಿಂದ ಹುಟ್ಟಿದವಲ್ಲ. ಅದರ ಅಕ್ಕಪಕ್ಕದ ಹಳೆಯ ಸೀಳುಗಳು ತಟಕ್ಕನೆ ಜಾರಿದ್ದರಿಂದ ಹುಟ್ಟಿದವು. ಬಾಯಿ ತೆರೆಯುವುದು ನಿಧಾನದ ಕೆಲಸ. ದ್ರವ ಒಳಗೆ ಬಂದಷ್ಟೇ ವೇಗದಲ್ಲಿ ಅದು ನಡೆಯುತ್ತದೆ. ಅದರಿಂದ ಹೊರಡುವ ಅಲೆಗಳು ಅಳತೆಗೆ ಸಿಗದಷ್ಟು ದುರ್ಬಲ ಅಥವಾ ಉಪಕರಣದ ಆವರ್ತನ ವ್ಯಾಪ್ತಿಗಿಂತ ಕೆಳಗೆ.

ಹಳೆಯ ಸೀಳುಗಳು ಏಕೆ ಜಾರುತ್ತವೆ? ಎರಡು ಮುಖಗಳು ಒಂದರ ಮೇಲೊಂದು ಅದುಮಿಕೊಂಡಿರುವುದರಿಂದ ಘರ್ಷಣೆ ಅವನ್ನು ಹಿಡಿದಿಟ್ಟಿರುತ್ತದೆ. ಬಿರುಕಿನಿಂದ ಸೋರಿದ ದ್ರವ ಆ ಸೀಳಿಗೆ ತಲುಪಿದರೆ ಅದರ ಒತ್ತಡ ಎರಡೂ ಮುಖಗಳನ್ನು ಒಳಗಿನಿಂದ ತಳ್ಳುತ್ತದೆ, ಘರ್ಷಣೆಯ ಹಿಡಿತ ಸಡಿಲಾಗುತ್ತದೆ, ಮೊದಲೇ ಜಾರುವ ಅಂಚಿನಲ್ಲಿದ್ದ ಮುಖ ಜಾರುತ್ತದೆ. ಇನ್ನೊಂದು ದಾರಿಯೂ ಇದೆ. ದ್ರವ ತಲುಪದಿದ್ದರೂ, ಬಿರುಕು ಬಾಯಿ ತೆರೆದಾಗ ಸುತ್ತಲಿನ ಬಲಗಳ ಲೆಕ್ಕ ಬದಲಾಗುತ್ತದೆ. ತುದಿಯ ಮುಂದೆ ಕೆಲವು ಕಡೆ ಹಿಡಿತ ಸಡಿಲಾದರೆ, ಬದಿಗಳಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಸಡಿಲಾದ ಕಡೆ ದ್ರವದ ಹನಿಯೂ ಇಲ್ಲದೆ ಜಾರುವಿಕೆ ಸಂಭವಿಸಬಹುದು. ಮೊದಲನೆಯವನ್ನು ಒದ್ದೆ ಕಂಪನ, ಎರಡನೆಯವನ್ನು ಒಣ ಕಂಪನ ಎಂದು ಕರೆಯುವುದುಂಟು. ಚಿತ್ರದಲ್ಲಿ ಎರಡೂ ಒಂದೇ ಬಗೆಯ ಚುಕ್ಕೆಗಳು. ಒಣ ಚುಕ್ಕೆಯನ್ನು ಒದ್ದೆಯೆಂದು ಓದಿದರೆ ಬಿರುಕು ಇಲ್ಲದ ಕಡೆ ಬಿರುಕು ಬರೆದಂತಾಗುತ್ತದೆ.

ಈ ಜಾರುವಿಕೆಗಳ ಗಾತ್ರ ಎಷ್ಟು? ಇವುಗಳ ಪರಿಮಾಣ, ಎಂದರೆ ಭೂಕಂಪದ ಮಾಪಕದ ಮೇಲಿನ ಅಂಕಿ, ಬಹುಪಾಲು ಮೈನಸ್ 3ರಿಂದ ಸೊನ್ನೆಯ ನಡುವೆ. ಋಣ ಸಂಖ್ಯೆ ಎಂದರೆ ಗಾಬರಿ ಬೇಡ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಮಾಪಕ ರೂಪಿಸಿದಾಗ ಅಂದಿನ ಉಪಕರಣಗಳಿಗೆ ಸಿಗಬಹುದಾದ ತೀರಾ ಸಣ್ಣ ಕಂಪನವನ್ನು ನೆನಪಿನಲ್ಲಿಟ್ಟುಕೊಂಡು ಸೊನ್ನೆಯನ್ನು ನಿಗದಿ ಮಾಡಿದ್ದರು. ಅದಕ್ಕಿಂತ ಸಣ್ಣವು ಸೊನ್ನೆಯ ಕೆಳಗೆ ಬರುತ್ತವೆ, ಅಷ್ಟೇ. ಮೈನಸ್ 2 ಪರಿಮಾಣದ ಕಂಪನವೊಂದನ್ನು ಲೆಕ್ಕ ಹಾಕಿ ನೋಡಿದರೆ, ಒಂದು ಮೀಟರ್ ತ್ರಿಜ್ಯದ ಸೀಳು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜಾರಿದಂತೆ. ಹೊರಡುವ ಶಕ್ತಿ ಸುಮಾರು 60 ಜೂಲ್: ಒಂದು ಕಿಲೋ ತೂಕದ ಕಲ್ಲನ್ನು ಎರಡಂತಸ್ತಿನ ಮನೆಯ ಮಾಡಿನಿಂದ ಬೀಳಿಸಿದಷ್ಟು. ಕಿಲೋಮೀಟರ್‌ಗಟ್ಟಲೆ ಶಿಲೆಯ ಆಚೆ ಇಷ್ಟು ಚಿಕ್ಕ ತಟ್ಟನ್ನು ಹಿಡಿಯುವುದೇ ಈ ವಿದ್ಯೆಯ ಅರ್ಧ ಕಷ್ಟ.

ಕೇಳುವ ಎರಡು ಬಗೆ

ಮೊದಲ ಬಗೆಯಲ್ಲಿ, ಪಕ್ಕದ ಇನ್ನೊಂದು ಬಾವಿಯೊಳಕ್ಕೆ ಜಿಯೋಫೋನ್‌ಗಳ ಸರವನ್ನು ಇಳಿಬಿಡುತ್ತಾರೆ. ನೆಲದ ಅದುರುವಿಕೆಯನ್ನು ವಿದ್ಯುತ್ ಸಂಕೇತವಾಗಿಸುವ ಈ ಉಪಕರಣಗಳು ಮೂರೂ ದಿಕ್ಕಿನ ಚಲನೆಯನ್ನು ಅಳೆಯುತ್ತವೆ. ಒಂದು ಸರದಲ್ಲಿ ಹತ್ತಾರು ಜಿಯೋಫೋನ್‌ಗಳಿರಬಹುದು, ನಡುವಿನ ಅಂತರ ಹತ್ತಿಪ್ಪತ್ತು ಮೀಟರ್.

ಕಂಪನದಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಪಿ ಅಲೆ ಶಿಲೆಯನ್ನು ಹಿಂದೆ ಮುಂದೆ ತಳ್ಳುತ್ತಾ ವೇಗವಾಗಿ ಬರುತ್ತದೆ. ಎಸ್ ಅಲೆ ಅಡ್ಡಡ್ಡ ಅಲುಗಿಸುತ್ತಾ ಹಿಂದಿನಿಂದ ಬರುತ್ತದೆ. ಶಿಲೆಯಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ 4,500 ಮೀಟರ್, ಎಸ್ ಅಲೆಯದು 2,700 ಮೀಟರ್ ಎಂದಿಟ್ಟುಕೊಂಡರೆ, ಎರಡರ ಆಗಮನದ ನಡುವಿನ ಪ್ರತಿ ಸೆಕೆಂಡ್ ಅಂತರಕ್ಕೆ 6,750 ಮೀಟರ್ ದೂರ. ಅಂತರ ಸೆಕೆಂಡಿನ ಇಪ್ಪತ್ತನೇ ಒಂದು ಭಾಗವಾದರೆ ಕಂಪನ ಸುಮಾರು 340 ಮೀಟರ್ ದೂರದಲ್ಲಿ ಹುಟ್ಟಿದೆ. ದೂರ ಸಿಕ್ಕಿತು. ಸರದ ಮೇಲಿನ ಕೆಳಗಿನ ಜಿಯೋಫೋನ್‌ಗಳಿಗೆ ಅಲೆ ತಲುಪಿದ ಹೊತ್ತನ್ನು ಹೋಲಿಸಿದರೆ ಆಳವೂ ಸಿಗುತ್ತದೆ. ಆದರೆ ನೆಟ್ಟಗಿರುವ ಒಂದೇ ಬಾವಿಯಿಂದ ಕೇಳಿದಾಗ ಕಂಪನ ಬಾವಿಯ ಸುತ್ತಲಿನ ಯಾವ ದಿಕ್ಕಿನಲ್ಲಿದೆ ಎಂದು ಹೊತ್ತಿನ ಲೆಕ್ಕ ಹೇಳಲಾರದು. ಅದಕ್ಕೆ ಪಿ ಅಲೆಯ ಚಲನೆಯ ದಿಕ್ಕನ್ನೇ ನೆಚ್ಚಬೇಕು, ಏಕೆಂದರೆ ಆ ಅಲೆ ತಾನು ಸಾಗುವ ರೇಖೆಯಲ್ಲೇ ಶಿಲೆಯನ್ನು ಅಲುಗಿಸುತ್ತದೆ. ಈ ಅಂದಾಜಿನಲ್ಲಿ ಐದು ಡಿಗ್ರಿ ತಪ್ಪಾದರೆ, 500 ಮೀಟರ್ ದೂರದ ಚುಕ್ಕೆ 40 ಮೀಟರ್‌ಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ತೆಳ್ಳಗಿನ ಒಂದೇ ಬಿರುಕು ಚಿತ್ರದಲ್ಲಿ ದಪ್ಪ ಮೋಡವಾಗಲು ಇಷ್ಟೇ ಸಾಕು.

ಎರಡನೆಯ ಬಗೆಯಲ್ಲಿ ನೆಲದ ಮೇಲೆಯೇ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಜಿಯೋಫೋನ್‌ಗಳನ್ನು ಹರಡುತ್ತಾರೆ. ಇಲ್ಲಿ ಒಂದೊಂದು ದಾಖಲೆಯನ್ನೂ ಪ್ರತ್ಯೇಕವಾಗಿ ನೋಡಿದರೆ ಪಂಪುಗಳ, ವಾಹನಗಳ, ಗಾಳಿಯ ಗದ್ದಲವಲ್ಲದೆ ಬೇರೇನೂ ಕಾಣದು. ಕೆಲಸವಾಗುವುದು ಕೂಡಿಸುವಿಕೆಯಿಂದ. ಆಳದ ಒಂದು ಬಿಂದುವಿನಲ್ಲಿ ಕಂಪನ ಹುಟ್ಟಿದ್ದರೆ ಅದು ಪ್ರತಿ ಜಿಯೋಫೋನ್‌ಗೆ ಎಷ್ಟು ಹೊತ್ತಿಗೆ ತಲುಪಬೇಕಿತ್ತು ಎಂದು ಲೆಕ್ಕ ಹಾಕಿ, ಅಷ್ಟಷ್ಟು ಹಿಂದಕ್ಕೆ ಸರಿಸಿ, ಎಲ್ಲವನ್ನೂ ಕೂಡಿಸುತ್ತಾರೆ. ನಿಜವಾದ ಸಂಕೇತ ಒಂದಕ್ಕೊಂದು ಸೇರಿ ಬೆಳೆಯುತ್ತದೆ; ಗದ್ದಲ ಒಂದನ್ನೊಂದು ಅಳಿಸುತ್ತದೆ. ಆದರ್ಶ ಸ್ಥಿತಿಯಲ್ಲಿ ಸಾವಿರ ಜಿಯೋಫೋನ್‌ಗಳಿದ್ದರೆ ಸಂಕೇತ ಗದ್ದಲಕ್ಕಿಂತ ಸುಮಾರು ಮೂವತ್ತು ಪಟ್ಟು ಎದ್ದುಕಾಣುತ್ತದೆ. ಇದನ್ನು ಆಳದ ಲಕ್ಷಾಂತರ ಬಿಂದುಗಳಿಗೆ, ಪ್ರತಿ ಕ್ಷಣಕ್ಕೂ ಮಾಡಬೇಕು. ಇಷ್ಟೊಂದು ಹುಡುಕಿದಾಗ ಗದ್ದಲವೂ ಆಗೀಗ ಆಕಸ್ಮಿಕವಾಗಿ ಒಂದೆಡೆ ಸೇರಿ ಕಂಪನದಂತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪಂಪು ಶುರುವಾಗುವ ಮೊದಲಿನ ದಾಖಲೆಗೂ ಇದೇ ಹುಡುಕಾಟ ನಡೆಸಿ, ಆಗ ಎಷ್ಟು ‘ಕಂಪನ’ ಸಿಕ್ಕವು ಎಂದು ಕೇಳುವುದು ಒಳ್ಳೆಯ ಪರೀಕ್ಷೆ.

ಬಾವಿಯೊಳಗಿನ ಸರ ಹತ್ತಿರದಲ್ಲಿರುವುದರಿಂದ ಅತಿ ಸಣ್ಣ ಕಂಪನಗಳನ್ನೂ ಹಿಡಿಯುತ್ತದೆ, ಆಳವನ್ನು ಚೆನ್ನಾಗಿ ಹೇಳುತ್ತದೆ. ಮೇಲ್ಮೈಯ ಜಾಲ ವಿಶಾಲ ಪ್ರದೇಶವನ್ನು ಸಮನಾಗಿ ನೋಡುತ್ತದೆ, ಅಡ್ಡ ದಿಕ್ಕುಗಳನ್ನು ಚೆನ್ನಾಗಿ ಹೇಳುತ್ತದೆ, ಆಳದಲ್ಲಿ ಎಡವುತ್ತದೆ. ಬಿರುಕು ಎಷ್ಟು ಎತ್ತರಕ್ಕೆ ಏರಿತು ಎಂಬ ಪ್ರಶ್ನೆಗೆ ಮೇಲ್ಮೈಯ ದಾಖಲೆಯೊಂದನ್ನೇ ಆಧಾರವಾಗಿ ಕೊಟ್ಟರೆ ನಾನಾದರೆ ಅದರ ಅನಿಶ್ಚಿತತೆಯ ಅಂಕಿಯನ್ನು ಮೊದಲು ಕೇಳುತ್ತೇನೆ.

ಎರಡೂ ಬಗೆಗಳ ತಳದಲ್ಲಿ ಇನ್ನೊಂದು ದುರ್ಬಲ ಕೊಂಡಿಯಿದೆ: ಅಲೆಯ ವೇಗ. ಪ್ರತಿ ಪದರದಲ್ಲಿ ವೇಗ ಬೇರೆ. ಶೇಲ್‌ನಲ್ಲಂತೂ ಪದರದ ಉದ್ದಕ್ಕೆ ಸಾಗುವ ಅಲೆ, ಪದರವನ್ನು ದಾಟುವ ಅಲೆಗಿಂತ ಶೇಕಡಾ ಹತ್ತಿಪ್ಪತ್ತರಷ್ಟು ವೇಗವಾಗಿ ಹೋಗಬಹುದು. ಇದನ್ನು ಕಡೆಗಣಿಸಿದರೆ ಚುಕ್ಕೆಗಳೆಲ್ಲ ಒಟ್ಟಾಗಿ ತಪ್ಪು ಪದರದಲ್ಲಿ ಕೂರುತ್ತವೆ, ಅದೂ ನೀಟಾಗಿ. ಚದುರಿದ ತಪ್ಪಿಗಿಂತ ನೀಟಾದ ತಪ್ಪು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಯಾರ ಅನುಮಾನಕ್ಕೂ ಬೀಳುವುದಿಲ್ಲ. ಇದಕ್ಕೆ ಪರಿಹಾರವಾಗಿ, ಬಾವಿಯ ಉಕ್ಕಿನ ಕೊಳವೆಯಲ್ಲಿ ರಂಧ್ರ ಮಾಡಲು ಸಿಡಿಸುವ ಸಣ್ಣ ಸ್ಫೋಟಕಗಳನ್ನು ಬಳಸಿಕೊಳ್ಳುತ್ತಾರೆ. ಸ್ಫೋಟದ ಜಾಗ ಮೊದಲೇ ಗೊತ್ತಿದೆ. ಲೆಕ್ಕ ಅದೇ ಜಾಗವನ್ನು ತೋರಿಸುವವರೆಗೆ ವೇಗಗಳನ್ನು ತಿದ್ದಬೇಕು.

ಮೋಡವನ್ನು ಓದುವುದು

ಶಿಲೆಯ ಸದ್ದನ್ನು ಮೊದಲು ಆಲಿಸಿದವರು ಗಣಿಗಾರಿಕೆಯವರು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಗಣಿ ಇಲಾಖೆಯ ಸಂಶೋಧಕರು ಭಾರ ಹೊತ್ತ ಶಿಲಾಕಂಬಗಳು ಸಣ್ಣ ಸಂಕೇತಗಳನ್ನು ಹೊರಡಿಸುವುದನ್ನು ಗಮನಿಸಿದ್ದರು. ಬಿರುಕು ಬೆಳೆಸುವ ಕೆಲಸಕ್ಕೆ ಅದನ್ನು ಗಂಭೀರವಾಗಿ ಹಚ್ಚಿದ್ದು ಭೂಶಾಖದ ಯೋಜನೆಗಳು. ನ್ಯೂ ಮೆಕ್ಸಿಕೋದ ಫೆಂಟನ್ ಹಿಲ್‌ನಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯ 1970ರ ದಶಕದಲ್ಲಿ, ಬಿಸಿ ಗ್ರಾನೈಟಿನಲ್ಲಿ ಎರಡು ಬಾವಿಗಳ ನಡುವೆ ಬಿರುಕು ಬೆಳೆಸಿ ನೀರು ಹರಿಸಿ ಶಾಖ ತೆಗೆಯುವ ಪ್ರಯತ್ನ ಆರಂಭಿಸಿತು. 1983ರ ಡಿಸೆಂಬರಿನಲ್ಲಿ ಅಲ್ಲಿ ಸುಮಾರು 21,000 ಘನ ಮೀಟರ್ ನೀರನ್ನು ತಳ್ಳಿದರೂ ಎರಡು ಬಾವಿಗಳು ಕೂಡಿಕೊಳ್ಳಲಿಲ್ಲ. ಸೂಕ್ಷ್ಮಕಂಪನಗಳು ಕಾರಣವನ್ನು ತೋರಿಸಿದವು: ಒಡೆದ ಶಿಲೆಯ ವಲಯ ಯೋಜನೆಯಲ್ಲಿ ಬರೆದಂತೆ ನೆಟ್ಟಗೆ ನಿಲ್ಲದೆ ವಾಲಿಕೊಂಡು ಬೇರೆ ಕಡೆಗೆ ಬೆಳೆದಿತ್ತು. ಕೊನೆಗೆ ಬಾವಿಯೊಂದನ್ನು ಆ ಚುಕ್ಕೆಗಳ ಮೋಡದೊಳಕ್ಕೆ ತಿರುಗಿಸಿ ಕೊರೆದರು, ಸಂಪರ್ಕ ಸಿಕ್ಕಿತು. ಚುಕ್ಕೆಗಳನ್ನು ನಂಬಿ ಕೊರೆದು ಗೆದ್ದ ಈ ಪ್ರಸಂಗವನ್ನು ಕ್ಷೇತ್ರದವರು ಇಂದಿಗೂ ಉದಾಹರಿಸುತ್ತಾರೆ.

1990ರ ದಶಕದಲ್ಲಿ ಕೊಲರಾಡೊದ ಪಿಸಿಯಾನ್ಸ್ ಪ್ರದೇಶದಲ್ಲಿ ಎಂ-ಸೈಟ್ ಎಂಬ ಪ್ರಯೋಗ ನಡೆಯಿತು. ಅಲ್ಲಿ ಜಿಯೋಫೋನ್‌ಗಳ ಜೊತೆಗೆ, ಶಿಲೆಯ ಅತಿ ಸಣ್ಣ ವಾಲುವಿಕೆಯನ್ನು ಅಳೆಯುವ ಉಪಕರಣಗಳನ್ನೂ ಆಳದಲ್ಲಿ ಹೂತಿದ್ದರು, ಬಿರುಕನ್ನು ಅಡ್ಡಹಾಯುವಂತೆ ಬಾವಿಯನ್ನೂ ಕೊರೆದಿದ್ದರು. ಬೇರೆ ಬೇರೆ ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸಿದಾಗ ದಿಕ್ಕು, ಎತ್ತರಗಳ ವಿಷಯದಲ್ಲಿ ಸೂಕ್ಷ್ಮಕಂಪನಗಳ ಮಾತು ಸರಿಯಾಗಿದೆ ಎಂಬ ಭರವಸೆ ಅಲ್ಲಿ ಗಟ್ಟಿಯಾಯಿತು. ಆನಂತರ 2000ದ ದಶಕದ ಆರಂಭದಲ್ಲಿ ಟೆಕ್ಸಾಸಿನ ಬಾರ್ನೆಟ್ ಶೇಲ್‌ನಲ್ಲಿ ಬಂದ ಚಿತ್ರಗಳು ಬೇರೆಯೇ ಕಥೆ ಹೇಳಿದವು. ಒಂದೇ ಗೆರೆಯ ಬದಲು ಎರಡೂ ದಿಕ್ಕಿಗೆ ಹಬ್ಬಿದ ಅಗಲವಾದ ವಲಯ. ಹೊಸ ಬಿರುಕು ಹಳೆಯ ಮುಚ್ಚಿದ ಸೀಳುಗಳನ್ನು ತೆರೆಯುತ್ತಾ ಜಾಲವಾಗಿ ಬೆಳೆಯುತ್ತಿತ್ತು. ದೂರದ ಬಾವಿಗಳಿಗೂ ನೀರು ನುಗ್ಗಿದ್ದು ಇದಕ್ಕೆ ಪ್ರತ್ಯೇಕ ಪುರಾವೆಯಾಯಿತು.

ಟೆಕ್ಸಾಸಿನ ಪೂರ್ವಭಾಗದ ಕಾರ್ಥೇಜ್ ಕ್ಷೇತ್ರದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಅಲೆಗಳ ಆಗಮನದ ಹೊತ್ತನ್ನು ಹೆಚ್ಚು ನಿಖರವಾಗಿ ಮತ್ತೆ ಅಳೆದು ಸ್ಥಾನಗಳನ್ನು ತಿದ್ದಿದಾಗ, ಹರಡಿದ್ದ ಚುಕ್ಕೆಗಳು ತೆಳುವಾದ ಪಟ್ಟಿಗಳಾಗಿ ಕೂಡಿಕೊಂಡವು. ಮೋಡದ ದಪ್ಪದ ಒಂದು ಪಾಲು ಶಿಲೆಯದ್ದಲ್ಲ, ಅಳತೆಯದ್ದು. ಹಾಗಾದರೆ ಅಗಲವಾದ ಮೋಡ ನಿಜವಾದ ಜಾಲವೋ ಮಸುಕಾದ ಅಳತೆಯೋ? ಪ್ರತಿ ಚುಕ್ಕೆಯ ತಪ್ಪಿನ ವ್ಯಾಪ್ತಿಯನ್ನು ಚಿತ್ರದಲ್ಲೇ ತೋರಿಸದ ವರದಿಗೆ ಈ ಪ್ರಶ್ನೆಗೆ ಉತ್ತರಿಸುವ ಯೋಗ್ಯತೆ ಇಲ್ಲ.

ಇನ್ನೊಂದು ಮೋಸವೂ ಇದೆ. ಕೇಳುವ ಬಾವಿಗೆ ಹತ್ತಿರದ ಕಡೆ ಮೈನಸ್ 3ರ ಕಂಪನವೂ ದಾಖಲಾಗುತ್ತದೆ, ದೂರದ ಕಡೆ ಮೈನಸ್ 2ಕ್ಕಿಂತ ದೊಡ್ಡವು ಮಾತ್ರ. ಆದ್ದರಿಂದ ಬಿರುಕು ಎರಡೂ ಕಡೆಗೆ ಸಮನಾಗಿ ಬೆಳೆದಿದ್ದರೂ ಚಿತ್ರದಲ್ಲಿ ಒಂದೇ ಕಡೆಗೆ ವಾಲಿದಂತೆ ತೋರುತ್ತದೆ. ಎಲ್ಲ ಕಡೆಯೂ ಕೇಳಿಸಬಹುದಾದ ದೊಡ್ಡ ಕಂಪನಗಳನ್ನಷ್ಟೇ ಉಳಿಸಿಕೊಂಡು ಮತ್ತೆ ನೋಡಿದ ಮೇಲೂ ವಾಲಿಕೆ ಉಳಿದರೆ ಆಗ ನಂಬಬಹುದು. ಅಂಥ ನಿಜವಾದ ವಾಲಿಕೆಗೆ ಸಾಮಾನ್ಯ ಕಾರಣ ಪಕ್ಕದ ಹಳೆಯ ಬಾವಿ. ವರ್ಷಗಟ್ಟಲೆ ಅನಿಲ ತೆಗೆದು ಅಲ್ಲಿನ ಶಿಲೆಯ ಒಳಗಿನ ಒತ್ತಡ ಇಳಿದಿರುತ್ತದೆ, ಅದರೊಡನೆ ಕನಿಷ್ಠ ಅದುಮುಬಲವೂ ಇಳಿದಿರುತ್ತದೆ. ಹೊಸ ಬಾವಿಯ ಬಿರುಕು ಸಲೀಸಾದ ಆ ಕಡೆಗೇ ಎಳೆದುಕೊಂಡು ಹೋಗುತ್ತದೆ.

ಜಾಗದ ಜೊತೆಗೆ ಹೊತ್ತನ್ನೂ ಓದಬೇಕು. ಪಂಪು ಶುರುವಾದಂದಿನಿಂದ ಪ್ರತಿ ಕಂಪನ ಬಾವಿಯಿಂದ ಎಷ್ಟು ದೂರದಲ್ಲಿ ಹುಟ್ಟಿತು ಎಂದು ನಕ್ಷೆ ಬರೆದರೆ ಚುಕ್ಕೆಗಳಿಗೆ ಒಂದು ಹೊರ ಅಂಚು ಕಾಣುತ್ತದೆ. ಭೂಭೌತವಿಜ್ಞಾನಿ ಸೆರ್ಗೈ ಶಪಿರೊ ಮತ್ತು ಸಂಗಡಿಗರು ತೋರಿಸಿದಂತೆ, ಒತ್ತಡ ಶಿಲೆಯ ರಂಧ್ರಗಳ ಮೂಲಕ ಸೋಸಿಕೊಂಡು ಹರಡುವಾಗ ಆ ಅಂಚು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಮುಂದೆ ಸರಿಯುತ್ತದೆ: ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಹೊತ್ತು. ಹೊಸ ಬಿರುಕು ಹೆಚ್ಚು ಸೋರಿಕೆಯಿಲ್ಲದೆ ಬೆಳೆಯುತ್ತಿರುವ ಆರಂಭದಲ್ಲಿ ಅಂಚು ಇದಕ್ಕಿಂತ ನೇರವಾಗಿ, ವೇಗವಾಗಿ ಹೋಗುತ್ತದೆ. ಅದೇ ಬಾವಿಗೆ ಮತ್ತೆ ನೀರು ತಳ್ಳಿದರೆ ಹಳೆಯ ಮೋಡದೊಳಗೆ ಮೌನ, ಅದರ ಹೊರ ಅಂಚಿನಿಂದಾಚೆಗೆ ಮಾತ್ರ ಹೊಸ ಕಂಪನ. ಹಿಂದೆ ಅನುಭವಿಸಿದ ಗರಿಷ್ಠ ಬಲವನ್ನು ಮೀರುವವರೆಗೆ ವಸ್ತು ಸದ್ದು ಮಾಡದು ಎಂಬ ಈ ಗುಣಕ್ಕೆ ಕೈಸರ್ ಪರಿಣಾಮ ಎಂದು ಹೆಸರು.

ಸದ್ದಿಲ್ಲದೆ ನಡೆಯುವುದು

ಒಂದು ಲೆಕ್ಕ ಮಾಡೋಣ. ಬಾವಿಯ ಒಂದು ಭಾಗಕ್ಕೆ 1,500 ಘನ ಮೀಟರ್ ದ್ರವವನ್ನು 50 ಮೆಗಾಪಾಸ್ಕಲ್ ಒತ್ತಡದಲ್ಲಿ ತಳ್ಳಿದರೆ ಒಳಗೆ ಹೋದ ಶಕ್ತಿ ಸುಮಾರು 7,500 ಕೋಟಿ ಜೂಲ್. ಪ್ರತಿಯಾಗಿ ಮೈನಸ್ 2ರ ಒಂದು ಸಾವಿರ ಕಂಪನಗಳು ದಾಖಲಾದವು ಎಂದುಕೊಳ್ಳಿ, ಅದು ಉದಾರವಾದ ಅಂದಾಜೇ. ಅವೆಲ್ಲ ಸೇರಿ ಹೊರಹಾಕಿದ ಶಕ್ತಿ 63 ಸಾವಿರ ಜೂಲ್. ಹತ್ತು ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಉಳಿದದ್ದೆಲ್ಲ ಕೊಳವೆಯ ಘರ್ಷಣೆಯಲ್ಲಿ, ಬಿರುಕಿನ ಬಾಯಿ ತೆರೆಯುವಲ್ಲಿ, ಸೋರಿಕೆಯಲ್ಲಿ, ಸದ್ದಿಲ್ಲದ ನಿಧಾನ ಜಾರುವಿಕೆಯಲ್ಲಿ ಹೋಗಿದೆ. ಚುಕ್ಕೆಯಿಲ್ಲದ ಕಡೆ ಬಿರುಕಿಲ್ಲ ಎಂದು ತೀರ್ಮಾನಿಸುವವರು ಈ ಅನುಪಾತವನ್ನು ಎದುರಿಗೆ ಇಟ್ಟುಕೊಳ್ಳಬೇಕು. ಮೆದುವಾದ, ಜೇಡಿ ಹೆಚ್ಚಿರುವ ಶೇಲ್‌ನಲ್ಲಿ ದೊಡ್ಡ ಬಿರುಕೇ ಕೆಲವೇ ಚುಕ್ಕೆಗಳೊಂದಿಗೆ ಬೆಳೆದುಬಿಡಬಲ್ಲದು.

ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಕೊರತೆ ಮರಳಿನದ್ದು. ಪಂಪು ನಿಂತ ಮೇಲೆ ಬಿರುಕು ಮುಚ್ಚಿಕೊಳ್ಳದಂತೆ ದ್ರವದೊಡನೆ ಮರಳನ್ನು ಕಳಿಸುತ್ತಾರೆ. ಮರಳು ನಿಂತ ಕಡೆ ಮಾತ್ರ ಅನಿಲಕ್ಕೆ ದಾರಿ ಉಳಿಯುತ್ತದೆ. ಕಂಪನಗಳಿಗೆ ಮರಳಿನ ಸುದ್ದಿಯೇ ಗೊತ್ತಿಲ್ಲ. ಬಾರ್ನೆಟ್‌ನ ನಂತರ ಮೋಡದ ಒಟ್ಟು ಗಾತ್ರವನ್ನು ‘ಉತ್ತೇಜಿತ ಶಿಲಾಗಾತ್ರ’ ಎಂದು ಅಳೆದು, ಅದರಿಂದ ಉತ್ಪಾದನೆಯನ್ನು ಊಹಿಸುವ ಪರಿಪಾಠ ಬೆಳೆಯಿತು. ಹೋಲಿಕೆಗೆ ಅದು ಉಪಯೋಗಕ್ಕೆ ಬಂದದ್ದು ನಿಜ, ಆದರೆ ಮೋಡ ದೊಡ್ಡದಾದಷ್ಟೂ ಬಾವಿ ಒಳ್ಳೆಯದು ಎಂಬ ನಂಬಿಕೆ ನನ್ನ ಪ್ರಕಾರ ಈ ವಿದ್ಯೆಗೆ ಉಪಕಾರಕ್ಕಿಂತ ಹೆಚ್ಚು ಅಪಕಾರ ಮಾಡಿತು. ಟೆಕ್ಸಾಸಿನ ಮಿಡ್‌ಲ್ಯಾಂಡ್ ಪ್ರದೇಶದಲ್ಲಿ ಸರ್ಕಾರ ಮತ್ತು ಉದ್ಯಮ ಸೇರಿ ನಡೆಸಿದ ಪ್ರಯೋಗದಲ್ಲಿ, ಫ್ರ್ಯಾಕ್ಚರಿಂಗ್ ಮುಗಿದ ಶಿಲೆಯೊಳಕ್ಕೆ ಓರೆಯಾಗಿ ಬಾವಿ ಕೊರೆದು ಸುಮಾರು 180 ಮೀಟರ್ ಉದ್ದದ ಶಿಲಾದಂಡವನ್ನು ಹೊರತೆಗೆದರು. ಅದರಲ್ಲಿ ನೂರಾರು ಹೊಸ ಬಿರುಕುಗಳಿದ್ದವು, ಸರಳ ಮಾದರಿಗಳು ಊಹಿಸಿದ್ದಕ್ಕಿಂತ ಬಹಳ ಹೆಚ್ಚು, ಹಲವೆಡೆ ಒತ್ತೊತ್ತಾಗಿ. ಮರಳು ಕಂಡದ್ದು ಅವುಗಳ ಸಣ್ಣ ಪಾಲಿನಲ್ಲಿ.

ಈ ಮೌನವನ್ನು ತುಂಬಲು ಈಗ ಬಂದಿರುವುದು ಆಪ್ಟಿಕಲ್ ಫೈಬರ್. ಬಾವಿಯ ಉದ್ದಕ್ಕೂ ಗಾಜಿನ ಎಳೆಯೊಂದನ್ನು ಹಾಕಿ ಲೇಸರ್ ಮಿಡಿತಗಳನ್ನು ಕಳಿಸಿದರೆ, ಎಳೆಯ ಪ್ರತಿ ಕೆಲವು ಮೀಟರ್ ಭಾಗ ಎಷ್ಟು ಹಿಗ್ಗಿತು ಕುಗ್ಗಿತು ಎಂಬುದು ಹಿಂತಿರುಗುವ ಬೆಳಕಿನಿಂದ ತಿಳಿಯುತ್ತದೆ. ಸಾವಿರಾರು ಜಾಗಗಳಲ್ಲಿ ಒಮ್ಮೆಲೇ ಕೇಳಿದಂತೆ. ಕಂಪನಗಳನ್ನು ಅದು ಹಿಡಿಯುತ್ತದೆ, ಆದರೆ ಅದರ ನಿಜವಾದ ಬೆಲೆ ನಿಧಾನ ಬದಲಾವಣೆಗಳನ್ನು ಅಳೆಯುವುದರಲ್ಲಿದೆ. ಪಕ್ಕದ ಬಾವಿಯಿಂದ ಬಿರುಕೊಂದು ಹತ್ತಿರವಾದಂತೆ ಎಳೆಯ ಒಂದು ಭಾಗ ಹಿಗ್ಗುತ್ತಾ ಬರುತ್ತದೆ; ತಾಗಿದ ಕ್ಷಣ ಆ ಬಿಂದು ಜಗ್ಗಿ, ಅದರ ಎರಡೂ ಬದಿ ಅದುಮಿಕೊಳ್ಳುತ್ತದೆ. ಒಂದೇ ಒಂದು ಚುಕ್ಕೆ ದಾಖಲಾಗದಿದ್ದರೂ ಬಿರುಕು ಎಲ್ಲಿಗೆ, ಎಷ್ಟು ಹೊತ್ತಿಗೆ ಬಂತು ಎಂದು ಹೇಳಬಹುದು. ಎಳೆ ತನ್ನ ಉದ್ದದ ದಿಕ್ಕಿನ ಬದಲಾವಣೆಯನ್ನಷ್ಟೇ ಗ್ರಹಿಸುವುದರಿಂದ ಅದಕ್ಕೂ ಕುರುಡು ಕೋನಗಳಿವೆ.

ಎತ್ತರ ಮತ್ತು ಸ್ತರಭಂಗ

ಸಾರ್ವಜನಿಕರ ಎರಡು ಆತಂಕಗಳಿಗೆ ಸೂಕ್ಷ್ಮಕಂಪನ ದಾಖಲೆ ನೇರ ಉತ್ತರ ಕೊಡುತ್ತದೆ. ಮೊದಲನೆಯದು, ಬಿರುಕು ಏರುತ್ತಾ ಕುಡಿಯುವ ನೀರಿನ ಪದರಕ್ಕೆ ತಲುಪುತ್ತದೆಯೇ? ಅಮೆರಿಕದ ಶೇಲ್‌ಗಳ ಸಾವಿರಾರು ದಾಖಲೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅತಿ ಎತ್ತರಕ್ಕೆ ಏರಿದ್ದು ಸುಮಾರು 588 ಮೀಟರ್. 350 ಮೀಟರ್ ಮೀರುವ ಸಾಧ್ಯತೆ ಶೇಕಡಾ ಒಂದರಷ್ಟು. ಎರಡು ಕಿಲೋಮೀಟರ್ ಆಳದ ಬಾವಿಗೆ ಇದು ಸಮಾಧಾನದ ಅಂಕಿ, ಕಡಿಮೆ ಆಳದ ಬಾವಿಗೆ ಅಲ್ಲ. ಬಾವಿಯ ಸಿಮೆಂಟ್ ಸರಿಯಿಲ್ಲದೆ ಆಗುವ ಸೋರಿಕೆ ಬೇರೆಯೇ ವಿಷಯ. ಅದನ್ನು ಈ ತಂತ್ರ ಕಾಣುವುದಿಲ್ಲ.

ಎರಡನೆಯದು ಭೂಕಂಪ. ಬಿರುಕು ಆಕಸ್ಮಿಕವಾಗಿ ದೊಡ್ಡ ಸ್ತರಭಂಗವೊಂದನ್ನು, ಎಂದರೆ ಎರಡೂ ಬದಿಯ ಶಿಲೆ ಜಾರಬಲ್ಲ ದೊಡ್ಡ ಹಳೆಯ ಸೀಳನ್ನು, ತಲುಪಿದರೆ ಚುಕ್ಕೆಗಳ ಗುಣವೇ ಬದಲಾಗುತ್ತದೆ. ಸಾಮಾನ್ಯ ಫ್ರ್ಯಾಕ್ಚರಿಂಗ್‌ನಲ್ಲಿ ಮೈನಸ್ 1ರ ಒಂದು ಕಂಪನಕ್ಕೆ ಮೈನಸ್ 2ರ ನೂರರಷ್ಟು ಇರುವುದುಂಟು. ಸ್ತರಭಂಗ ಎಚ್ಚೆತ್ತಾಗ ಆ ನೂರು ಹತ್ತಕ್ಕೆ ಇಳಿಯುತ್ತದೆ, ಎಂದರೆ ದೊಡ್ಡವುಗಳ ಪಾಲು ಏರುತ್ತದೆ. ಚುಕ್ಕೆಗಳು ಬಿರುಕಿನ ನಿರೀಕ್ಷಿತ ದಿಕ್ಕನ್ನು ಬಿಟ್ಟು ಬೇರೊಂದು ಸಮತಲದಲ್ಲಿ ಸಾಲುಗಟ್ಟುತ್ತವೆ. ಪಂಪು ನಿಂತರೂ ಕಂಪನಗಳು ನಿಲ್ಲುವುದಿಲ್ಲ.

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಪ್ರೀಸ್ ಹಾಲ್‌ನಲ್ಲಿ 2011ರ ಏಪ್ರಿಲ್‌ನಲ್ಲಿ 2.3 ಪರಿಮಾಣದ ಕಂಪನವಾದ ಮೇಲೆ ಬ್ರಿಟನ್ ಸಂಚಾರ ದೀಪದ ಮಾದರಿಯ ನಿಯಮ ತಂದಿತು: ಪಂಪು ನಡೆಯುವಾಗ 0.5 ದಾಟಿದರೆ ಕೆಂಪು, 18 ಗಂಟೆ ವಿರಾಮ. ಅದೇ ಪ್ರದೇಶದ ಪ್ರೆಸ್ಟನ್ ನ್ಯೂ ರೋಡ್‌ನಲ್ಲಿ 2019ರ ಆಗಸ್ಟ್ 26ರಂದು 2.9ರ ಕಂಪನವಾಯಿತು. ಆಗ ಪಂಪು ನಿಂತು ಮೂರು ದಿನವಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಭೂಶಾಖ ಯೋಜನೆಯಲ್ಲಿ 2006ರ ಡಿಸೆಂಬರ್ 8ರ 3.4ರ ಕಂಪನ ಬಂದದ್ದೂ ನೀರು ತಳ್ಳುವುದನ್ನು ನಿಲ್ಲಿಸಿದ ಕೆಲವು ಗಂಟೆಗಳ ಬಳಿಕ. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 2017ರ ನವೆಂಬರ್ 15ರಂದು 5.5ರ ಭೂಕಂಪವಾದಾಗ ಕೊನೆಯ ಸಲ ನೀರು ತಳ್ಳಿ ಸುಮಾರು ಎರಡು ತಿಂಗಳು ಕಳೆದಿತ್ತು. ತನಿಖಾ ಸಮಿತಿ 2019ರಲ್ಲಿ ವರದಿ ಕೊಟ್ಟಾಗ, ಹಿಂದಿನ ಸಣ್ಣ ಕಂಪನಗಳ ಸ್ಥಾನಗಳನ್ನು ತಿದ್ದಿ ಜೋಡಿಸಿದರೆ ಅವು ಒಂದು ಸಮತಲದಲ್ಲಿ ಕೂರುತ್ತವೆ, ಅದು ಮುಖ್ಯ ಭೂಕಂಪ ಜಾರಿದ ಸ್ತರಭಂಗವೇ ಎಂಬುದು ಸ್ಪಷ್ಟವಾಗಿತ್ತು.

ಪಂಪು ನಿಲ್ಲಿಸಿದಾಗ ಬಾವಿಯೊಳಗಿನ ಒತ್ತಡ ಇಳಿಯುತ್ತದೆ, ಆದರೆ ಈಗಾಗಲೇ ಶಿಲೆಯೊಳಗೆ ಹೋದ ಒತ್ತಡ ಹೊರಕ್ಕೆ ಹರಡುತ್ತಲೇ ಇರುತ್ತದೆ, ಇನ್ನೂ ಮುಟ್ಟದ ಸೀಳುಗಳನ್ನು ಮುಟ್ಟುತ್ತದೆ. ಹಾಗಾಗಿ ಕೆಂಪು ದೀಪದ ಮಿತಿಯನ್ನು ನಾವು ಹೆದರುವ ಪರಿಮಾಣಕ್ಕಿಂತ ಬಹಳ ಕೆಳಗೆ ಇಡಬೇಕಾಗುತ್ತದೆ, ಮಿತಿ ತಲುಪುವ ಮೊದಲೇ ಪಂಪಿನ ವೇಗ ತಗ್ಗಿಸಬೇಕಾಗುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿ ಬಳಿ 2018ರಲ್ಲಿ ಆರು ಕಿಲೋಮೀಟರ್ ಆಳದ ಬಾವಿಗೆ ಸುಮಾರು 18,000 ಘನ ಮೀಟರ್ ನೀರು ತಳ್ಳಿದಾಗ ಇದನ್ನೇ ಮಾಡಿದರು. ಕಂಪನಗಳ ಸ್ಥಾನ, ಪರಿಮಾಣಗಳು ಕೆಲವೇ ನಿಮಿಷಗಳಲ್ಲಿ ಲೆಕ್ಕವಾಗುತ್ತಿದ್ದವು. ಅವು ಏರುವ ಲಕ್ಷಣ ಕಂಡಾಗ ಪಂಪನ್ನು ತಗ್ಗಿಸಿದರು, ನಡುನಡುವೆ ವಿರಾಮ ಕೊಟ್ಟರು. ಅಲ್ಲಿನ ಕೆಂಪು ಮಿತಿ 2.1. ದಾಖಲಾದ ಅತಿ ದೊಡ್ಡ ಕಂಪನ 1.9.